ಬೆನ್ನುಹುರಿಗೆ ಪೆಟ್ಟಾದವರಿಗೆ ತೊಂದರೆ ಕಾಣುವ ಮೊದಲೇ ಏನೇನು ನೋಡಬೇಕು?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ನನ್ನ ಯಜಮಾನರಿಗೆ ಈಗ 41 ವರ್ಷ. ಆರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಹೊಡೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಆಸ್ಪತ್ರೆಯ ಕಾಗದದಲ್ಲಿ ‘ಡಿ5, ಕಂಪ್ಲೀಟ್’ ಎಂದು ಬರೆದಿದ್ದಾರೆ. ಎದೆಯಿಂದ ಕೆಳಗೆ ಸ್ವಾಧೀನವಿಲ್ಲ, ಮುಟ್ಟಿದ್ದೂ ತಿಳಿಯುವುದಿಲ್ಲ. ದಿನಕ್ಕೆ ಮೂರು ಸಲ ತಾವೇ ಪೈಪ್ ಹಾಕಿ ಮೂತ್ರ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳು ಎರಡು ಸಲ ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು ಬಂತು, ಮುಖ ಕೆಂಪಾಯಿತು, ಹಣೆಯೆಲ್ಲ ಬೆವರಿತು. ಮಲಗಿಸಿ ಕಂಬಳಿ ಹೊದೆಸಿದೆ. ಎರಡನೆಯ ಸಲ ಕ್ಲಿನಿಕ್ಕಿಗೆ ಕರೆದೊಯ್ದಾಗ ಬಿಪಿ 144/90 ಇದೆ, ಗಾಬರಿಯಾಗುವಂಥದ್ದೇನಲ್ಲ ಎಂದರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯೂ ಸರಿಯಿದೆಯಂತೆ. ‘ಏನೂ ನೋವಿಲ್ಲವಲ್ಲ, ಆಸ್ಪತ್ರೆಗೆ ಯಾಕೆ’ ಎಂಬುದು ಇವರ ವಾದ. ಯಾವ ಯಾವ ಪರೀಕ್ಷೆಗಳನ್ನು ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು? ಪ್ರತಿ ಸಲವೂ ಹುಬ್ಬಳ್ಳಿಗೇ ಹೋಗಬೇಕೆ?

ಉತ್ತರ: ನೀವು ಕೇಳಿದ್ದು ಪರೀಕ್ಷೆಗಳ ಬಗ್ಗೆ. ಆದರೆ ಪತ್ರದಲ್ಲಿ ಮೊದಲು ಉತ್ತರಿಸಬೇಕಾದದ್ದು ಆ ತಲೆನೋವಿನ ಮಾತು, ಏಕೆಂದರೆ ಅದು ಮತ್ತೆ ಇಂದು ರಾತ್ರಿಯೇ ಬರಬಹುದು.

ಡಿ5 ಎಂದರೂ ಟಿ5 ಎಂದರೂ ಒಂದೇ. ಎದೆಯ ಭಾಗದ ಹನ್ನೆರಡು ನರಜೋಡಿಗಳಲ್ಲಿ ಐದನೆಯದರ ಮಟ್ಟದಲ್ಲಿ ಹುರಿಗೆ ಪೆಟ್ಟಾಗಿದೆ ಎಂದು ಅರ್ಥ. ‘ಕಂಪ್ಲೀಟ್’ ಎಂದರೆ ಅದರ ಕೆಳಗೆ ಸ್ವಾಧೀನವೂ ಸ್ಪರ್ಶವೂ ಉಳಿದಿಲ್ಲ ಎಂದು. ಆರನೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ‘ಅಟನಾಮಿಕ್ ಡಿಸ್‌ರಿಫ್ಲೆಕ್ಸಿಯಾ’ ಎಂಬ ವಿಶಿಷ್ಟ ಅಪಾಯವಿರುತ್ತದೆ. ಪೆಟ್ಟಾದ ಜಾಗದ ಕೆಳಗೆ ಎಲ್ಲೋ ಒಂದು ಕಡೆ, ತುಂಬಿದ ಮೂತ್ರಕೋಶದಿಂದಲೋ ಕಟ್ಟಿಕೊಂಡ ಮಲದಿಂದಲೋ ಚರ್ಮದ ಹುಣ್ಣಿನಿಂದಲೋ ಕಿರಿಕಿರಿ ಉಂಟಾಗುತ್ತದೆ. ಅದರ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ, ಆದರೆ ಪೆಟ್ಟಿನ ಕೆಳಗಿನ ಹುರಿ ತನ್ನಷ್ಟಕ್ಕೇ ಪ್ರತಿಕ್ರಿಯಿಸಿ ರಕ್ತನಾಳಗಳನ್ನು ಬಿಗಿಯುತ್ತದೆ. ಬಿಪಿ ಒಮ್ಮೆಲೇ ಏರುತ್ತದೆ. ಅದನ್ನು ಇಳಿಸಲು ಮಿದುಳು ಕಳಿಸುವ ಆಜ್ಞೆಗಳು ಪೆಟ್ಟಾದ ಜಾಗವನ್ನು ದಾಟಲಾರವು. ಹೀಗಾಗಿ ಮೇಲ್ಭಾಗದಲ್ಲಿ ಮಾತ್ರ ಮುಖ ಕೆಂಪಾಗುವುದು, ಬೆವರುವುದು, ತಲೆ ಸಿಡಿಯುವುದು ಕಾಣಿಸುತ್ತದೆ. ಹೀಗೇ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವ, ಫಿಟ್ಸ್, ಸಾವಿನವರೆಗೂ ಹೋಗಬಹುದು.

144/90 ಎಂಬ ಅಂಕಿಯನ್ನು ನೋಡಿದ ವೈದ್ಯರಿಗೆ ಗಾಬರಿಯಾಗದಿದ್ದುದು ನನಗೆ ಅರ್ಥವಾಗುತ್ತದೆ. ಬೇರೆ ಯಾರಿಗಾದರೂ ಅದು ಅಂಥ ದೊಡ್ಡ ಅಂಕಿಯಲ್ಲ. ಆದರೆ ಈ ಮಟ್ಟದ ಪೆಟ್ಟಿರುವವರ ಸಹಜ ಬಿಪಿಯೇ ಕಡಿಮೆ, ಮೇಲಿನ ಅಂಕಿ ಹೆಚ್ಚಾಗಿ 90ರಿಂದ 110ರ ನಡುವೆ ಇರುತ್ತದೆ. ನಿಮ್ಮ ಯಜಮಾನರ ಸಹಜ ಬಿಪಿ 100 ಎಂದಿಟ್ಟುಕೊಂಡರೆ 144 ಎಂಬುದು 44ರಷ್ಟು ಏರಿಕೆ. ಸಹಜ ಮಟ್ಟಕ್ಕಿಂತ 20ರಿಂದ 40 ಏರಿದರೇ ಇದನ್ನು ಅನುಮಾನಿಸಬೇಕು. ಕುಮಟಾದಲ್ಲಿ ವೃತ್ತಿ ಆರಂಭಿಸಿದ ಕಾಲದಲ್ಲಿ ನಾನೇ ಇಂಥ ಒಬ್ಬರಿಗೆ ತಲೆನೋವಿನ ಮಾತ್ರೆ ಕೊಟ್ಟು ಕಳಿಸಲು ಹೊರಟಿದ್ದೆ. ಅವರ ಹೆಂಡತಿ ಲುಂಗಿ ಸರಿಪಡಿಸಲು ಬಗ್ಗಿದಾಗ, ಮೂತ್ರದ ಪೈಪು ತೊಡೆಯ ಅಡಿಯಲ್ಲಿ ಮಡಚಿಕೊಂಡದ್ದು ಕಣ್ಣಿಗೆ ಬಿತ್ತು. ಪೈಪು ನೆಟ್ಟಗಾಗಿ ಚೀಲಕ್ಕೆ ಮೂತ್ರ ಇಳಿಯುತ್ತಿದ್ದಂತೆ ಕೆಲವೇ ನಿಮಿಷಗಳಲ್ಲಿ ತಲೆನೋವು ನಿಂತಿತು. ಆ ದಿನದ ನಂತರ ಬೆನ್ನುಹುರಿಗೆ ಪೆಟ್ಟಾದವರು ಯಾರೇ ಬಂದರೂ, ಆರೋಗ್ಯವಾಗಿರುವಾಗಿನ ಅವರ ಬಿಪಿಯನ್ನು ಬರೆದಿಟ್ಟುಕೊಳ್ಳದೆ ನಾನು ಬಿಟ್ಟಿಲ್ಲ.

ಮತ್ತೆ ಹೀಗಾದರೆ ಮಲಗಿಸಬೇಡಿ. ತಲೆನೋವೆಂದವರನ್ನು ಮಲಗಿಸಿ ಹೊದೆಸುವುದು ನಮ್ಮ ಮನೆಗಳ ರೂಢಿ, ಆದರೆ ಇಲ್ಲಿ ಅದು ಬಿಪಿಯನ್ನು ಇನ್ನಷ್ಟು ಏರಿಸುತ್ತದೆ. ತಕ್ಷಣ ನೆಟ್ಟಗೆ ಕೂರಿಸಿ, ಕಾಲುಗಳನ್ನು ಕೆಳಕ್ಕೆ ಇಳಿಬಿಡಿ, ಸೊಂಟದ ಬೆಲ್ಟು, ಬಿಗಿಯಾದ ಪ್ಯಾಂಟು, ಕಾಲುಚೀಲ ಎಲ್ಲವನ್ನೂ ಸಡಿಲಿಸಿ. ಕೂಡಲೇ ಪೈಪ್ ಹಾಕಿ ಮೂತ್ರ ತೆಗೆಯಿರಿ, ಹತ್ತರಲ್ಲಿ ಹೆಚ್ಚಿನ ಸಲ ಕಾರಣ ಮೂತ್ರಕೋಶವೇ ಆಗಿರುತ್ತದೆ. ಆಗಲೂ ಇಳಿಯದಿದ್ದರೆ ಮಲ ಕಟ್ಟಿದೆಯೇ ಎಂದು ನೋಡಬೇಕು, ಆದರೆ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಹಚ್ಚಿ ಕೆಲವು ನಿಮಿಷ ಕಾದ ನಂತರವೇ ಬೆರಳು ಹಾಕಬೇಕು, ಇಲ್ಲವಾದರೆ ಆ ಪ್ರಚೋದನೆಯಿಂದಲೇ ಬಿಪಿ ಮತ್ತಷ್ಟು ಏರುತ್ತದೆ. ಕೊನೆಗೆ ಚರ್ಮ ನೋಡಿ, ಕಾಲ್ಬೆರಳಿನ ಉಗುರು ಒಳಕ್ಕೆ ಬೆಳೆದದ್ದೂ ಕಾರಣವಾಗಬಹುದು. ಈ ನಡುವೆ ಎರಡರಿಂದ ಐದು ನಿಮಿಷಕ್ಕೊಮ್ಮೆ ಬಿಪಿ ಅಳೆಯುತ್ತಿರಿ, ಅದಕ್ಕಾಗಿ ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವೊಂದು ಮನೆಯಲ್ಲಿ ಇರಲೇಬೇಕು. ಕಾರಣ ಸಿಗದೆ ಮೇಲಿನ ಅಂಕಿ 150 ದಾಟಿದರೆ ಬೇಗ ಕೆಲಸ ಮಾಡಿ ಪರಿಣಾಮವೂ ಬೇಗ ಇಳಿಯುವ ಬಿಪಿ ಔಷಧ ಬೇಕಾಗುತ್ತದೆ, ಅಂದರೆ ಆಸ್ಪತ್ರೆಗೆ ಹೋಗಲೇಬೇಕು, ಅದೂ ಕೂತೇ ಹೋಗಬೇಕು. ಪುರುಷರ ಲೈಂಗಿಕ ಸಮಸ್ಯೆಗೆ ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ಅದರ ಮೇಲೆ ಬಿಪಿ ಇಳಿಸಲು ನೈಟ್ರೇಟ್ ಎಂಬ ಬಗೆಯ ಔಷಧ ಕೊಟ್ಟರೆ ಬಿಪಿ ಅಪಾಯಕಾರಿಯಾಗಿ ಕುಸಿಯುತ್ತದೆ.

ಈಗ ನಿಮ್ಮ ಯಜಮಾನರ ವಾದಕ್ಕೆ ಬರೋಣ. ‘ನೋವಿಲ್ಲ’ ಎಂಬುದು ಅವರ ವಿಷಯದಲ್ಲಿ ಆರೋಗ್ಯದ ಗುರುತಲ್ಲ. ನಮಗೆಲ್ಲ ಹುಣ್ಣು, ಕಲ್ಲು, ಮೂಳೆಮುರಿತ, ಸೋಂಕು ಇವನ್ನೆಲ್ಲ ಮೊದಲು ಹೇಳುವುದು ನೋವು. ಅವರಿಗೆ ಆ ಸುದ್ದಿ ತರುವ ದಾರಿಯೇ ಕಡಿದುಹೋಗಿದೆ. ಆದ್ದರಿಂದ ತೊಂದರೆಯಾದಾಗ ವೈದ್ಯರ ಬಳಿ ಹೋಗುವ ಪದ್ಧತಿ ಅವರಿಗೆ ಸಲ್ಲದು, ದಿನ ಗೊತ್ತುಮಾಡಿಕೊಂಡು ಹೋಗಬೇಕು. ಎರಡನೆಯ ಮಹಾಯುದ್ಧದವರೆಗೂ ಬೆನ್ನುಹುರಿ ತುಂಡಾದವರಲ್ಲಿ ಹೆಚ್ಚಿನವರು ಬಹಳ ಕಾಲ ಬದುಕುತ್ತಿರಲಿಲ್ಲ, ಮೂತ್ರದ ಸೋಂಕು ಮತ್ತು ಒತ್ತಡದ ಹುಣ್ಣುಗಳೇ ಅವರನ್ನು ಕೊಲ್ಲುತ್ತಿದ್ದವು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಈ ಸ್ಥಿತಿಯನ್ನು ಬದಲಿಸಲು ಆರಂಭಿಸಿದ್ದು ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶದ ಆರೈಕೆ ಮುಂತಾದ, ಎಡೆಬಿಡದೆ ಮಾಡಬೇಕಾದ ಸಾಮಾನ್ಯ ಕೆಲಸಗಳಿಂದ. ನಮ್ಮ ದೇಶದಲ್ಲಿ ಈ ದಾರಿಯನ್ನು ತೆರೆದವರಲ್ಲಿ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಪ್ರಮುಖರು. 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು, 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಆರಂಭವಾಗಲು ಕಾರಣರಾದರು. ಯಜಮಾನರಿಗೆ ಇದನ್ನು ಓದಿ ಹೇಳಿ.

ಮೂತ್ರದ ವಿಷಯಕ್ಕೆ ಬಂದರೆ, ದಿನಕ್ಕೆ ಮೂರು ಸಲ ಸಾಲದು. ನನ್ನ ಅನುಮಾನ, ಆ ತಲೆನೋವಿನ ಮೂಲವೇ ಇದು. ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ ತೆಗೆಯಬೇಕು, ಒಂದು ಸಲಕ್ಕೆ ಬರುವ ಮೂತ್ರ 500 ಮಿಲಿಲೀಟರ್ ದಾಟಬಾರದು. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಿನಲ್ಲಿ ಇಟ್ಟು ಮೂರು ದಿನ ಪ್ರತಿ ಸಲವೂ ಎಷ್ಟು ಬಂತು, ಎಷ್ಟು ಗಂಟೆಗೆ ಎಂದು ಬರೆಯಿರಿ. ಬೆಳಗಿನ ಮೊದಲ ಸಲಕ್ಕೇ 700, 800 ಬರುತ್ತಿದ್ದರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ. ಹಾಗಿದ್ದರೆ ರಾತ್ರಿ ಮಲಗುವಾಗ ಒಂದು ಸಲ, ಅಗತ್ಯವಾದರೆ ನಡುರಾತ್ರಿ ಒಂದು ಸಲ ಸೇರಿಸಬೇಕು. ಪೈಪ್ ಹಾಕುವ ಕಷ್ಟ ತಪ್ಪಿಸಲು ನೀರು ಕಡಿಮೆ ಕುಡಿಯುವವರನ್ನು ನಾನು ಬಹಳ ನೋಡಿದ್ದೇನೆ, ಆದರೆ ಅದರಿಂದ ಕಲ್ಲೂ ಸೋಂಕೂ ಬರುತ್ತವೆ. ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ ಎಲ್ಲ ಸೇರಿ ದಿನಕ್ಕೆ ಸುಮಾರು ಎರಡು ಲೀಟರ್ ಕುಡಿಯಲಿ, ಸಂಜೆಯ ನಂತರ ಸ್ವಲ್ಪ ಕಡಿಮೆ ಮಾಡಲಿ.

ತುಂಬಿ ಬಿಗಿದ ಮೂತ್ರಕೋಶದ ಒತ್ತಡ ಹಿಂದಕ್ಕೆ ಮೂತ್ರಪಿಂಡಗಳಿಗೆ ಹೋಗಿ ಅವನ್ನು ಸದ್ದಿಲ್ಲದೆ ಹಾಳುಮಾಡುತ್ತದೆ. ‘ಕಿಡ್ನಿ ಸರಿಯಿದೆ’ ಎಂಬ ರಕ್ತದ ವರದಿಯನ್ನು ಪೂರ್ತಿ ನಂಬಬಾರದೆನ್ನಲು ಇನ್ನೊಂದು ಕಾರಣವೂ ಇದೆ. ಅಲ್ಲಿ ಅಳೆಯುವ ಕ್ರಿಯಾಟಿನಿನ್ ಎಂಬುದು ಮಾಂಸಖಂಡಗಳಿಂದ ಬರುವ ವಸ್ತು. ಆರು ವರ್ಷ ಬಳಕೆಯಿಲ್ಲದ ಕಾಲುಗಳಲ್ಲಿ ಮಾಂಸಖಂಡ ಕರಗಿರುವುದರಿಂದ ಅದು ಮೊದಲೇ ಕಡಿಮೆ ಇರುತ್ತದೆ, ಮೂತ್ರಪಿಂಡ ಅರ್ಧ ಸೋತರೂ ಅಂಕಿ ‘ನಾರ್ಮಲ್’ ಗೆರೆಯೊಳಗೇ ಉಳಿಯಬಹುದು. ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಗೆ ಈ ದೋಷವಿಲ್ಲ. ಅದು ದೊಡ್ಡ ಪ್ರಯೋಗಾಲಯಗಳಲ್ಲಿ ಆಗುತ್ತದೆ. ಅದು ಆಗಲಿ ಬಿಡಲಿ, ವರ್ಷಕ್ಕೊಮ್ಮೆ ಮೂತ್ರಪಿಂಡ ಮತ್ತು ಮೂತ್ರಕೋಶದ ಸ್ಕ್ಯಾನಿಂಗ್ ತಪ್ಪಬಾರದು. ಹೊಟ್ಟೆಯ ಈ ಸ್ಕ್ಯಾನಿಂಗ್‌ಗೆ ಹುಬ್ಬಳ್ಳಿಯವರೆಗೆ ಹೋಗುವ ಅಗತ್ಯವಿಲ್ಲ, ಶಿರಸಿಯಲ್ಲೇ ಆಗುತ್ತದೆ.

ಮೂತ್ರ ಕಲಕಿದಂತೆ ಕಂಡಾಗಲೆಲ್ಲ ಆ್ಯಂಟಿಬಯೋಟಿಕ್ ನುಂಗಿಸುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಪೈಪ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಬೇರೆ ಲಕ್ಷಣವಿಲ್ಲದಿದ್ದರೆ ಅದಕ್ಕೆ ಔಷಧ ಬೇಡ. ಕೊಟ್ಟರೆ ನಿಜವಾದ ಸೋಂಕು ಬಂದ ದಿನ ಆ ಔಷಧ ಕೆಲಸ ಮಾಡುವುದಿಲ್ಲ. ಜ್ವರ, ಚಳಿ, ಕಾಲಿನ ಸೆಳೆತ ಒಮ್ಮೆಲೇ ಹೆಚ್ಚುವುದು, ನಡುನಡುವೆ ಮೂತ್ರ ಸೋರತೊಡಗುವುದು, ಮತ್ತೆ ಆ ತಲೆನೋವು ಬರುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಮೂತ್ರದ ಕಲ್ಚರ್, ಅಂದರೆ ಯಾವ ರೋಗಾಣು ಎಂದು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿಯೇ ಚಿಕಿತ್ಸೆ ಆರಂಭಿಸಲಿ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕಾಯದೆ ಮೂತ್ರರೋಗ ತಜ್ಞರಿಗೆ ತೋರಿಸಿ. ಮಲವಿಸರ್ಜನೆಗೆ ಹೇಳಬೇಕಾದದ್ದು ಕಡಿಮೆ: ದಿನವೂ ಅಥವಾ ದಿನ ಬಿಟ್ಟು ದಿನ, ಅದೇ ಹೊತ್ತಿಗೆ, ತಿಂಡಿ ತಿಂದ ಅರ್ಧ ಗಂಟೆಯ ಬಳಿಕ ಕೂರಿಸಿ. ಹೊತ್ತು ತಪ್ಪಿಸಬೇಡಿ.

ಚರ್ಮದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ಜನರನ್ನು ತಿಂಗಳುಗಟ್ಟಲೆ ಹಾಸಿಗೆಗೆ ಕಟ್ಟಿಹಾಕುವುದು ಇದೇ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಬಟ್ಟೆ ಹಾಕುವ ಮೊದಲು ಮತ್ತು ರಾತ್ರಿ ಮಲಗುವಾಗ, ಒಳ್ಳೆಯ ಬೆಳಕಿನಲ್ಲಿ ಬೆನ್ನಿನ ಬುಡ, ಕೂರುವ ಎರಡು ಮೂಳೆಗಳ ಜಾಗ, ಸೊಂಟದ ಎರಡು ಬದಿ, ಹಿಮ್ಮಡಿ, ಹರಡುಗಳನ್ನು ನೋಡಬೇಕು. ಕೈಗನ್ನಡಿಯೊಂದನ್ನು ಉದ್ದದ ಕೋಲಿಗೆ ಬಿಗಿದು ಕೊಟ್ಟರೆ ಅವರೇ ನೋಡಿಕೊಳ್ಳಬಹುದು, ಇಲ್ಲವೆ ನೀವು ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಬಹುದು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ, ಸುತ್ತಲಿಗಿಂತ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಮೆತ್ತಗೆ ಕೊಳೆತಂತಿದ್ದರೆ ಅದೇ ಮೊದಲ ಗುರುತು. ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ತಿಳಿಯಾಗದ ಕಲೆ ಕಂಡರೆ, ಅದು ಹೋಗುವವರೆಗೆ ಆ ಜಾಗದ ಮೇಲೆ ಭಾರ ಬೀಳಲೇಬಾರದು. ಅಡಿಕೆ ಸುಲಿಯುವ ಕಾಲವಿರಲಿ, ಮನೆಯಲ್ಲಿ ಮಂಗಳಕಾರ್ಯವಿರಲಿ, ಅವರು ಮಗ್ಗುಲಾಗಿ ಮಲಗಿಯೇ ಇರಬೇಕು.

ಕೂತಿರುವಾಗ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಅಥವಾ ಒಂದೊಂದು ಬದಿಗೆ ವಾಲಿ ಎರಡು ನಿಮಿಷ ಭಾರ ತಪ್ಪಿಸಬೇಕು. ಕ್ಷಣಕಾಲ ಎತ್ತಿ ಬಿಟ್ಟರೆ ರಕ್ತ ಮರಳಿ ಹರಿಯಲು ಸಮಯ ಸಾಲದು, ಮೇಲಾಗಿ ಕೈಯೂರಿ ಎತ್ತಿ ಎತ್ತಿ ಭುಜ ಸವೆಯುತ್ತದೆ. ಗಾಲಿಕುರ್ಚಿಯ ದಿಂಬು ಎಷ್ಟು ಹಳೆಯದು ಎಂದು ನೀವು ಬರೆದಿಲ್ಲ. ಅವರು ಕೂತಿರುವಾಗ ದಿಂಬಿನ ಅಡಿಗೆ ಕೈ ತೂರಿಸಿ ನೋಡಿ, ಮೂಳೆ ಕೈಗೆ ಗಟ್ಟಿಯಾಗಿ ತಾಗಿದರೆ ಆ ದಿಂಬು ಸತ್ತಿದೆ, ಬದಲಿಸಬೇಕು. ಉಂಗುರದಾಕಾರದ ಗಾಳಿ ದಿಂಬನ್ನು ಯಾರು ಹೇಳಿದರೂ ತರಬೇಡಿ, ಅದು ನಡುವಿನ ಚರ್ಮದ ರಕ್ತವನ್ನು ಸುತ್ತಲಿಂದ ತಡೆಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದೇ ಕಷ್ಟ. ಆದರೂ ತೇವದ ಚಡ್ಡಿ, ತೇವದ ದಿಂಬಿನ ಕವರು ಅವರ ಮೈಗೆ ತಾಗಬಾರದು. ಸುಟ್ಟ ಗಾಯಗಳೂ ಬಹಳ. ಹಂಡೆಯ ನೀರನ್ನು ನೀವು ಮೊಣಕೈಯಿಂದ ಮುಟ್ಟಿ ನೋಡದೆ ಅವರ ಕಾಲಿಗೆ ಸುರಿಯಬೇಡಿ. ಚಳಿಯೆಂದು ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂರುವುದು, ಬೈಕಿನ ಸೈಲೆನ್ಸರ್‌ಗೆ ಕಾಲು ತಾಗುವುದು, ಇವೆರಡರಿಂದಲೂ ಸುಟ್ಟು ಬೊಬ್ಬೆಯೆದ್ದ ಕಾಲುಗಳನ್ನು ನಾನು ನೋಡಿದ್ದೇನೆ.

ನಿಮ್ಮದು ಸಿದ್ದಾಪುರ ತಾಲೂಕಾದ್ದರಿಂದ ಇನ್ನೊಂದು ಮಾತು. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯ ಕಾಲದಲ್ಲಿ, ಡಿಸೆಂಬರಿನಿಂದ ಮೇ ತನಕ, ತೋಟಕ್ಕೋ ಬೆಟ್ಟದ ಅಂಚಿಗೋ ಹೋಗಿ ಬಂದ ದಿನ ಅವರ ಕಾಲು, ತೊಡೆಸಂದುಗಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿ. ನಮಗಾದರೆ ಕೆರೆತ ಬರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಆ ತಿಂಗಳುಗಳಲ್ಲಿ ಜ್ವರ ಬಂದರೆ ಮೂತ್ರದ ಸೋಂಕೆಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ, ಉಣುಗು ಕಂಡದ್ದನ್ನೂ ಹೇಳಿ.

ಮೂಳೆಗಳು ಕಾಲಿನಲ್ಲಿ ಬಹಳ ತೆಳುವಾಗಿರುತ್ತವೆ, ಹಾಸಿಗೆಯಿಂದ ಕುರ್ಚಿಗೆ ಸರಿಯುವಾಗ ಪಾದ ಸಿಕ್ಕಿಕೊಂಡು ತಿರುಚಿದರೂ ಮಂಡಿಯ ಮೇಲೆ ಮುರಿಯಬಹುದು. ಆದ್ದರಿಂದ ಒಂದೇ ಕಾಲು ಊದಿ ಬಿಸಿಯಾದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ಮುರಿತವಿರಬಹುದು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿರಬಹುದು, ತಿಕ್ಕಿದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಅದೇ ದಿನ ಎಕ್ಸ್‌ರೇ ಮತ್ತು ರಕ್ತನಾಳದ ಸ್ಕ್ಯಾನಿಂಗ್ ಆಗಬೇಕು. ವಿಟಮಿನ್ ಡಿ ಮಟ್ಟವನ್ನು ವರ್ಷಕ್ಕೊಮ್ಮೆ ನೋಡಿಸಿ. ಇನ್ನು, ಈಗ ಸರಿಯಾಗಿರುವ ಕೈಗಳಲ್ಲಿ ಜೋಮು, ಬಲ ಕಡಿಮೆಯಾಗುವುದು, ಮುಟ್ಟಿದ್ದು ತಿಳಿಯುತ್ತಿದ್ದ ಗೆರೆ ಮೇಲಕ್ಕೆ ಸರಿಯುವುದು ಕಂಡುಬಂದರೆ ಹುರಿಯೊಳಗೆ ನೀರಿನ ಚೀಲ ಬೆಳೆಯುತ್ತಿರಬಹುದು, ಪೆಟ್ಟಾದ ಎಷ್ಟೋ ವರ್ಷಗಳ ನಂತರವೂ ಹೀಗಾಗುತ್ತದೆ. ಅದಕ್ಕೆ ಎಂಆರ್‌ಐ ಬೇಕು.

ಡಿ5 ಮಟ್ಟದಲ್ಲಿ ಹೊಟ್ಟೆಯ ಸ್ನಾಯುಗಳು ಕೆಲಸ ಮಾಡದ್ದರಿಂದ ಕೆಮ್ಮು ಬಲಹೀನವಾಗಿರುತ್ತದೆ, ಕಫ ಹೊರಬರುವುದಿಲ್ಲ. ಹೀಗಾಗಿ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಫ್ಲೂ ಲಸಿಕೆ ಹಾಕಿಸಿ, ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆಯ ಬಗ್ಗೆ ನಿಮ್ಮ ವೈದ್ಯರಲ್ಲಿ ಕೇಳಿ. ಬೀಡಿ, ಸಿಗರೇಟು ಇದ್ದರೆ ಬಿಡಿಸಬೇಕು. ಬೇಸಿಗೆಯ ಸೆಕೆಯಲ್ಲಿ ಪೆಟ್ಟಿನ ಕೆಳಗೆ ಬೆವರು ಬರುವುದಿಲ್ಲವಾದ್ದರಿಂದ ಮೈ ಕಾಯುತ್ತದೆ, ಒದ್ದೆ ಬಟ್ಟೆಯಿಂದ ಕುತ್ತಿಗೆ, ಕೈ ಒರೆಸುತ್ತಿರಬೇಕು.

ತೂಕದ ವಿಷಯ ಯಾರೂ ಹೇಳಿರಲಾರರು. ಮಾಂಸಖಂಡ ಕರಗಿ ಆ ಜಾಗಕ್ಕೆ ಕೊಬ್ಬು ಸೇರುವುದರಿಂದ, ನೋಡಲು ಸಾಧಾರಣವಾಗಿದ್ದರೂ ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಾಧ್ಯತೆ ಹೆಚ್ಚು. ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಬಿಎಂಐ ಎಂಬ ಲೆಕ್ಕದಲ್ಲಿ, ಬೇರೆಯವರಿಗೆ ಸಹಜವೆನ್ನುವ 22ನ್ನೇ ಬೆನ್ನುಹುರಿ ಪೆಟ್ಟಿನವರಲ್ಲಿ ಬೊಜ್ಜಿನ ಗೆರೆ ಎಂದು ಹಿಡಿಯುತ್ತಾರೆ. ಐದು ಅಡಿ ಐದು ಅಂಗುಲದ ವ್ಯಕ್ತಿಗೆ ಅದು ಸುಮಾರು 60 ಕಿಲೋ. ಗಾಲಿಕುರ್ಚಿಯವರನ್ನು ತೂಗುವ ಯಂತ್ರ ಚಿಕ್ಕ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಅಡಿಕೆ ಚೀಲ ತೂಗುವ ದೊಡ್ಡ ತಕ್ಕಡಿಯ ಮೇಲೆ ಕುರ್ಚಿ ಸಮೇತ ನಿಲ್ಲಿಸಿ ತೂಗಿ, ಆಮೇಲೆ ಖಾಲಿ ಕುರ್ಚಿಯ ತೂಕ ಕಳೆಯಿರಿ. ನಾನು ಹೀಗೇ ಮಾಡಿಸುತ್ತೇನೆ. ರಕ್ತದ ಸಕ್ಕರೆ ಮತ್ತು ಕೊಲೆಸ್ಟ್ರಾಲ್ ವರ್ಷಕ್ಕೊಮ್ಮೆ ನೋಡಿದರೆ ಒಳ್ಳೆಯದು. ವ್ಯಾಯಾಮ ಸಾಧ್ಯವೇ ಎಂದರೆ ಖಂಡಿತ ಸಾಧ್ಯ: ಉಸಿರು ಏರುವಷ್ಟು ವೇಗದಲ್ಲಿ ಅಂಗಳದಲ್ಲಿ ಕುರ್ಚಿ ತಳ್ಳುವುದು ಅಥವಾ ಕೈಯಿಂದ ತುಳಿಯುವ ಸೈಕಲ್, ವಾರಕ್ಕೆ ಮೂರು ದಿನ ಅರ್ಧ ಅರ್ಧ ಗಂಟೆ, ಜೊತೆಗೆ ಎರಡು ದಿನ ತೋಳಿನ ಬಲ ಹೆಚ್ಚಿಸುವ ಕಸರತ್ತು.

ಮನಸ್ಸಿನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ಆಸ್ಪತ್ರೆಯೆಂದರೆ ಬೇಡವೆನ್ನುವುದರ ಹಿಂದೆ ಖಿನ್ನತೆ ಇರಬಹುದೆಂದು ನನಗೆ ಅನ್ನಿಸುತ್ತದೆ. ನಿದ್ದೆ, ಊಟ, ಮಾತು ಕಡಿಮೆಯಾಗಿದ್ದರೆ ಅದನ್ನೂ ವೈದ್ಯರ ಮುಂದೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ಆ ಸಂಖ್ಯೆ ನಿಮಗೂ ಇದೆ.

ಹುಬ್ಬಳ್ಳಿಗೆ ಪ್ರತಿ ಸಲ ಹೋಗಬೇಕಾಗಿಲ್ಲ. ಹತ್ತಿರದ ವೈದ್ಯರು ಬೆನ್ನುಹುರಿ ತಜ್ಞರಾಗಿರಬೇಕೆಂದಿಲ್ಲ, ಮೂರು ತಿಂಗಳಿಗೊಮ್ಮೆ ಯಜಮಾನರನ್ನು ಕುರ್ಚಿಯಿಂದ ಇಳಿಸಿ, ಬಟ್ಟೆ ತೆಗೆಸಿ ಚರ್ಮ ನೋಡಿ, ಬಿಪಿ ಮತ್ತು ತೂಕ ಬರೆದರೆ ಸಾಕು. ಕುರ್ಚಿಯಲ್ಲಿ ಕೂರಿಸಿಯೇ ಪರೀಕ್ಷಿಸಿ ಕಳಿಸುವುದು ಪರೀಕ್ಷೆಯಲ್ಲ, ಮಂಚದ ಮೇಲೆ ಮಲಗಿಸಿ ನೋಡಿ ಎಂದು ನೀವು ಕೇಳಬಹುದು, ಅದು ನಿಮ್ಮ ಹಕ್ಕು. ಎತ್ತಲು ಇಬ್ಬರು ಬೇಕಾದರೆ ಮನೆಯಿಂದಲೇ ಒಬ್ಬರನ್ನು ಕರೆದುಕೊಂಡು ಹೋಗಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಆಶಾ ಕಾರ್ಯಕರ್ತೆಯನ್ನೂ ಜೊತೆಗಿಟ್ಟುಕೊಳ್ಳಿ, ಅಂಗವಿಕಲರ ಯುಡಿಐಡಿ ಕಾರ್ಡ್ ಆಗಿರದಿದ್ದರೆ ಅವರ ಮೂಲಕ ಮಾಡಿಸಿ. ಒಂದು ಗಟ್ಟಿ ರಟ್ಟಿನ ಕಾರ್ಡಿನಲ್ಲಿ ‘ಡಿ5 ಬೆನ್ನುಹುರಿ ಪೆಟ್ಟು, ಸಹಜ ಬಿಪಿ ಇಷ್ಟು, ತಲೆನೋವು ಮತ್ತು ಬೆವರು ಬಂದರೆ ಅಟನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಇರಬಹುದು, ಮಲಗಿಸಬೇಡಿ, ಮೂತ್ರಕೋಶ ನೋಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಅವರ ಜೇಬಿನಲ್ಲಿಡಿ. ಸಹಜ ಬಿಪಿ ತಿಳಿಯಲು ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆಯಿರಿ.

ದೊಡ್ಡ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಹೋದರೆ ಸಾಕು. ಈ ಸಲ ಮಾತ್ರ ಆ ತಲೆನೋವಿನ ಕಾರಣಕ್ಕಾಗಿ ತಡಮಾಡದೆ ಮೂತ್ರರೋಗ ತಜ್ಞರನ್ನು ಕಾಣಿ, ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಮಿಕ್ ಪರೀಕ್ಷೆ ಬೇಕೇ ಎಂದು ಕೇಳಿ. ಆ ಪರೀಕ್ಷೆಯ ವೇಳೆಯಲ್ಲೇ ಬಿಪಿ ಏರಬಹುದಾದ್ದರಿಂದ ಡಿ5 ಎಂಬುದನ್ನೂ ಕಳೆದ ತಿಂಗಳು ಆದದ್ದನ್ನೂ ಮೊದಲೇ ಹೇಳಿರಬೇಕು. ಹೊರಡುವ ಮುನ್ನ ಮೂತ್ರ ತೆಗೆದುಕೊಳ್ಳಲಿ, ಕಾರಿನ ಸೀಟಿನ ಮೇಲೂ ಅವರ ದಿಂಬನ್ನೇ ಹಾಕಿ, ಅರ್ಧ ಗಂಟೆಗೊಮ್ಮೆ ಬಾಗಿ ವಾಲುವುದನ್ನು ನೆನಪಿಸಿ. ಶಿರಸಿ ದಾಟಿದ ಮೇಲೆ ಮಳಗಿಯಲ್ಲೋ ಮುಂಡಗೋಡದಲ್ಲೋ ಗಾಡಿ ನಿಲ್ಲಿಸಿ ಮತ್ತೊಮ್ಮೆ ಪೈಪ್ ಹಾಕಿಕೊಳ್ಳಲು ಅನುಕೂಲವಾಗುವಂತೆ ಜಗ್, ಸಾಬೂನು, ನೀರು, ಹೊದಿಕೆಗೊಂದು ಪಂಚೆ ಕೈಗೆ ಸಿಗುವಂತೆ ಮುಂದಿನ ಸೀಟಿನಲ್ಲೇ ಇಟ್ಟುಕೊಳ್ಳಿ.